ಗೌರವ ಬಹುವಚನ

ಮಾರ್ಚ್ ೪, ಸೋಮವಾರ

ಕಚೇರಿಗೆ ಬಂದೊಡನೆ ಮೇಜಿನ ಮೇಲೆ ಆದೇಶವೊಂದರ ಕರಡು. ನಿವೃತ್ತ ಕನ್ನಡ ಮೇಷ್ಟರಾದ ನಾನು ಕಾಗುಣಿತ ತಿದ್ದಿಕೊಡಬೇಕಂತೆ. ಮೊದಲ ಸಾಲಿನಲ್ಲಿಯೇ ‘ಮಾನವ ಅಕ್ಕುಗಳ ಆಯೋಗ’. ಹಕಾರವನ್ನು ಉಳಿಸಿಕೊಳ್ಳಲಾಗದವರು ಹಕ್ಕನ್ನು ಉಳಿಸುವರಂತೆ!

ದೂರು ಕೊಟ್ಟವರು ಇಸ್ತ್ರಿ ಅಂಗಡಿಯ ಹೆಂಗಸು. ಅವರ ತಮ್ಮ ಪೊಲೀಸ್ ಠಾಣೆಯೊಳಗೆ ಸತ್ತ. ಕರಡಿನ ತೀರ್ಮಾನ: ‘ಹಲವು ಅಧಿಕಾರಿಗಳು ಹೊಡೆದರೆಂದು ಹೇಳಿಕೆ. ಯಾರೆಂದು ಗುರುತಿಸಿರುವುದಿಲ್ಲ. ಆದುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.’

ಮುಕ್ತಾಯಗೊಳಿಸಲಾಗಿದೆ... ಯಾರಿಂದ? ಕರ್ತೃವೇ ಇಲ್ಲದ ವಾಕ್ಯ. ಮೂಲ ಹೇಳಿಕೆ ತರಿಸಬೇಕು.

ಮಾರ್ಚ್ ೫, ಮಂಗಳವಾರ, ಮಧ್ಯಾಹ್ನ

ಮೂಲ ಸಿಕ್ಕಿತು. ಬಾಯಿಂದ ಬಂದಂತೆಯೇ ಬರೆದುಕೊಂಡಿದ್ದಾರೆ: ‘ಠಾಣೆಗೆ ಬಟ್ಟೆ ಕೊಡೋಕೆ ಹೋಗಿದ್ದೆ. ಸಾಹೇಬ್ರು ಬಂದ್ರು. ಹೊಡೆದ್ರು. ತಮ್ಮ ನೀರು ಕೇಳ್ದ. ಎದೆ ಮೇಲೆ ತುಳಿದ್ರು.’

ಇದನ್ನು ಇಂಗ್ಲಿಷಿಗೆ ಇಳಿಸಿದ ಮಹಾಶಯರು ‘ಸಾಹೇಬ್ರು’ ಎಂಬುದನ್ನು ಗುಂಪೆಂದು ತಿಳಿದರು. ಅಲ್ಲಿಂದ ಮರಳಿ ಕನ್ನಡಕ್ಕೆ ಬರುವಾಗ ‘ಹಲವು’ ಅಂಟಿಕೊಂಡಿತು. ಗೌರವ ಬಹುವಚನ! ಪ್ರಾಥಮಿಕ ಶಾಲೆಯ ಪಾಠ! ಹೊಡೆದವನಿಗೆ ಬಹುವಚನ, ಸತ್ತವನಿಗೆ ಏಕವಚನ!

ನೇರವಾಗಿ ಕಾರ್ಯದರ್ಶಿಗಳ ಕೊಠಡಿಗೆ ಹೋದೆ.

“ಮೇಷ್ಟ್ರೇ, ನಿಮಗೆ ಕೊಟ್ಟಿರೋದು ಸ್ಪೆಲಿಂಗ್ ನೋಡೋಕೆ. ಜಡ್ಜ್‌ಮೆಂಟ್ ಬರೆಯೋಕಲ್ಲ.”

“ಹೊಡೆದದ್ದು ಒಬ್ಬರೇ. ಆಕೆ ಮರ್ಯಾದೆ ಕೊಟ್ಟು ಹೇಳಿದ್ದಾರೆ, ಅಷ್ಟೆ.”

“ಬಹುವಚನ ಅಂದ್ಮೇಲೆ ಬಹುವಚನ. ಫೈಲ್ ಕ್ಲೋಸ್ ಆಗ್ಲಿ ಬಿಡಿ.”

“ಈಗ ತಾನೇ ಹೊರಗೆ ‘ಕಾರ್ಯದರ್ಶಿಗಳು ಬಂದರು’ ಎಂದೆ. ಎಷ್ಟು ಮಂದಿ ಬಂದಿರಿ ಸ್ವಾಮಿ?”

ಬಾಗಿಲ ಕಡೆ ಕೈ ತೋರಿದರು.

ಮಾರ್ಚ್ ೭, ಗುರುವಾರ, ಬೆಳಗ್ಗೆ

ಲೋಟವನ್ನು ಕುಕ್ಕಿದೆನಂತೆ. ನಮ್ಮಾಕೆ ಹರಿಹಾಯ್ದಳು.

“ಕಚೇರಿಯ ಪುಣ್ಯಾತ್ಮರ ಮೇಲಿನ ಸಿಟ್ಟು ನನ್ನ ಪಾತ್ರೆ ಮೇಲೆ ಯಾಕ್ರೀ?”

ವಿಷಯ ವಿವರಿಸಿದೆ. ವಿಭಕ್ತಿ ಪ್ರತ್ಯಯ, ಆಖ್ಯಾತ ಪ್ರತ್ಯಯ ಎಲ್ಲವನ್ನೂ.

“ಅಯ್ಯೋ, ಆ ಪ್ರತ್ಯಯ ಹಾಳಾಗ್ಲಿ. ಆ ಹೆಂಗಸನ್ನೇ ಕರೆಸಿ ‘ಎಷ್ಟು ಜನಮ್ಮಾ’ ಅಂತ ಯಾರಾದ್ರೂ ಕೇಳಿದ್ರಾ?”

ಯಾರೂ ಕೇಳಿಲ್ಲ. ಇಷ್ಟು ದೊಡ್ಡ ಆಯೋಗದಲ್ಲಿ ಒಬ್ಬರಿಗೂ ಹೊಳೆದಿಲ್ಲ. ನನಗೂ.

ಇಂದೇ ಆಯೋಗದ ಸದಸ್ಯರೊಬ್ಬರಿಗೆ ಟಿಪ್ಪಣಿ ಬರೆಯುವೆ. ನಿವೃತ್ತ ನ್ಯಾಯಾಧೀಶರು, ಆಲಿಸಿಯಾರು.

ಮಾರ್ಚ್ ೧೧, ಸೋಮವಾರ

ಸದಸ್ಯರು ಒಪ್ಪಿದರು. ಹತ್ತೊಂಬತ್ತಕ್ಕೆ ವಿಚಾರಣೆ. ನೋಟಿಸು ಪಡೆಯಲು ಆಕೆ ಬಂದಿದ್ದರು. ಬೆರಳುಗಳ ತುದಿಯಲ್ಲಿ ಸುಟ್ಟ ಕಲೆಗಳು. ಮೊಗಸಾಲೆಯ ಬೆಂಚಿನ ಮೇಲೆ ಕೂರಿ ಎಂದರೂ ಕೂರಲಿಲ್ಲ.

“ಒಬ್ರೇ ಸಾರ್. ವರ್ಷಗಟ್ಟಲೆ ಅವರ ಅಂಗಿ ಇಸ್ತ್ರಿ ಮಾಡಿದೀನಿ. ತೋಳಿನ ಗೆರೆ ಕತ್ತಿ ಹಾಗಿರ್ಬೇಕು ಅವರಿಗೆ. ಅವತ್ತೂ ನಾನು ಇಸ್ತ್ರಿ ಮಾಡಿದ್ದೇ ಹಾಕ್ಕೊಂಡಿದ್ರು.”

ನೋಟಿಸನ್ನು ಮಡಿಸುತ್ತ, “‘ಅವನು’ ಅನ್ನೋಕೆ ನಾಲಿಗೆ ಹೊರಳಲ್ಲ ಸಾರ್. ಅಷ್ಟು ದೊಡ್ಡವರನ್ನ ಹಾಗನ್ನಬಹುದಾ?” ಎಂದರು.

“ಏನು ಹೇಳಬೇಕೆಂದು ನಾನು ಕಲಿಸುವಂತಿಲ್ಲ ತಾಯಿ. ಕಂಡದ್ದನ್ನು ಹೇಳಿ.”



ಮಾರ್ಚ್ ೧೯, ಮಂಗಳವಾರ, ಸಂಜೆ

ಸಿಟ್ಟಿನಲ್ಲಿ ಬರೆಯುತ್ತಿರುವೆ. ಅಕ್ಷರ ಕೆಟ್ಟರೆ ಕೆಡಲಿ.

ವಿಚಾರಣೆಗೆ ಕರೆಸಿದ್ದ ಆ ಪೊಲೀಸ್ ಅಧಿಕಾರಿ ಎದುರು ಸಾಲಿನಲ್ಲಿಯೇ ಕುಳಿತಿದ್ದ. ತೋಳಿನ ಗೆರೆ ಎದ್ದು ಕಾಣುತ್ತಿತ್ತು. ಈಗ ಬೇರೆ ಯಾರೋ ಇಸ್ತ್ರಿ ಮಾಡುತ್ತಿರಬೇಕು.

“ಹೇಳಮ್ಮಾ, ಎಷ್ಟು ಜನ ಹೊಡೆದ್ರು?” ಎಂದರು ಸದಸ್ಯರು.

ಆಕೆ ಆ ತೋಳನ್ನೇ ನೋಡುತ್ತ ನಿಂತರು. ಆಮೇಲೆ ಬೆರಳು ಚಾಚಿದರು.

“ಇವನು. ಇವನೊಬ್ಬನೇ. ಹೊಡೆದ. ತುಳಿದ. ಕೊಂದ.”

ಸದಸ್ಯರು ಮುಖ ಸಿಂಡರಿಸಿದರು. “ಏನಮ್ಮಾ ಇದು! ಅವರು ಅಧಿಕಾರಿ. ಮರ್ಯಾದೆ ಕೊಟ್ಟು ಮಾತಾಡು.”

ಆಕೆಗೆ ‘ಮಾತಾಡು’!

ಬರೆದುಕೊಳ್ಳುತ್ತಿದ್ದ ಗುಮಾಸ್ತರ ಕಡೆ ತಿರುಗಿ, “ಸರಿಯಾಗಿ ಬರ್ಕೊಳ್ರೀ, ‘ಹೊಡೆದರು’ ಅಂತ.” ಗುಮಾಸ್ತರು ಬರೆದುಕೊಂಡರು. ಕಾರ್ಯದರ್ಶಿ ನನ್ನತ್ತ ನೋಡಿ ನಕ್ಕ.

ಎದ್ದು ನಿಂತೆ. “ಆಕೆ ಹಾಗೆ ಹೇಳಲಿಲ್ಲ—” “ಕೂತ್ಕೊಳ್ಳಿ ಮೇಷ್ಟ್ರೇ” ಎಂದರು ಸದಸ್ಯರು. ಕೂತೆ. ಕೂರಬಾರದಿತ್ತು.

ಹೊರಡುವಾಗ ಆಕೆ ಕೇಳಿದರು: “ನಾನು ತಪ್ಪು ಮಾತಾಡಿದ್ನಾ ಸಾರ್?”

ಮಾರ್ಚ್ ೨೦, ಬುಧವಾರ, ಬೆಳಗ್ಗೆ, ಕಚೇರಿ

ಹೇಳಿಕೆಯ ಪ್ರತಿ ತಿದ್ದಲು ಬಂದಿದೆ. ಸದಸ್ಯರು ಬಂದೊಡನೆ ಸಹಿಯಾಗುವುದಂತೆ. ‘ಇವರು ಹೊಡೆದರು. ತುಳಿದರು. ಕೊಂದರು.’ ‘ಒಬ್ಬನೇ’ ಎಂಬುದು ಮಾಯ. ನಾಳೆ ಮತ್ತೆ ‘ಹಲವು’ ಅಂಟಿಕೊಳ್ಳುವುದು.

ಕೆಂಪು ಶಾಯಿ ತೆಗೆದುಕೊಂಡೆ. ‘ಇವರು’ ಅಳಿಸಿ ‘ಇವನೊಬ್ಬನೇ’ ಎಂದು ಬರೆದೆ. ಉಳಿದದ್ದಕ್ಕೆಲ್ಲ ಕೊನೆಯ ‘ರು’ ಹೊಡೆದುಹಾಕಿದರೆ ಸಾಕು. ಹೊಡೆದ. ತುಳಿದ. ಕೊಂದ.

ಬರವಣಿಗೆಯಲ್ಲಿ ‘ಹೊಡೆದನು’ ಎಂದಾಗಬೇಕು. ಜೀವಮಾನವಿಡೀ ಮಕ್ಕಳ ಉತ್ತರಪತ್ರಿಕೆಗಳಲ್ಲಿ ತಿದ್ದಿದ್ದು ಅದನ್ನೇ. ಇಲ್ಲಿ ‘ನು’ ಸೇರಿಸಲಿಲ್ಲ. ಆಕೆ ಹೇಳಿದಷ್ಟೇ ಇರಲಿ. ಅಂಚಿನಲ್ಲಿ ‘ಮೂಲದಂತೆ’ ಎಂದು ಬರೆದು ಪೂರ್ಣ ಸಹಿ ಹಾಕಿದೆ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಕಾರ್ಯದರ್ಶಿ ಬರುತ್ತಿದ್ದಾನೆ. ಯಾರು ತಿದ್ದಿದರು ಎಂದು ಕೇಳುವನು. ತಿದ್ದಿದರು ಅಲ್ಲ. ತಿದ್ದಿದವನು ಒಬ್ಬನೇ. ನಾ—