ಎಕ್ಸ್ ಎಂದರೆ ಯಾರು

ಅತ್‌ಬಾಷಿ
೧೧ ಏಪ್ರಿಲ್ ೨೦೨೫, ಶುಕ್ರವಾರ

ಪ್ರೀತಿಯ ಕುಬಾತ್,

ಇದನ್ನು ಬರೆಯದೆ ಬಿಡುವವಳೇ ಇದ್ದೆ. ಹೋದ ವಾರ ನೀನು ಫೋನಿನಲ್ಲಿ, ಊರಿಗೆ ಬಂದುಬಿಡಲೋ, ಇಲ್ಲ ನೊವೊಸಿಬಿರ್ಸ್ಕ್‌ನಲ್ಲೇ ಕಾಯಮಾಗಿ ನೆಲೆಸಲೋ ಎಂದು ಕೇಳಿದೆಯಲ್ಲ, ಅದಕ್ಕೆ ನಾನು "ನಿನ್ನಿಷ್ಟ" ಅಂದೆ. ಅದು ಉತ್ತರವಾಗಿರಲಿಲ್ಲ.

ಈ ವಾರ ಆರನೇ ತರಗತಿಗೆ ಮೊದಲ ಸಲ ಅಕ್ಷರ ಹಾಕಿದ ಲೆಕ್ಕ ಹೇಳಿಕೊಟ್ಟೆ. ಬೋರ್ಡಿನ ಮೇಲೆ ಎಕ್ಸ್ ಬರೆದದ್ದೇ ತಡ, ಐದಾನಾ ಎಂಬ ಹುಡುಗಿ ಎದ್ದು ನಿಂತಳು.

"ಅಕ್ಕೋರೆ, ಬಿಡಿಸೋದು ಹೆಂಗಂತ ಆಮೇಲೆ ಹೇಳಿ. ಮೊದ್ಲು ಅದು ಏನು ಅಂತ ಹೇಳಿ."

ಬಿಷ್ಕೆಕ್‌ನಲ್ಲಿ ನಾನು ಓದಿದ್ದೆಲ್ಲ ರಷ್ಯನ್ ಮಾಧ್ಯಮ. ಎಕ್ಸನ್ನು ಆ ಕಡೆಯಿಂದ ಈ ಕಡೆಗೆ ತರುವುದು ಕಲಿಸಿದರು, ಕಲಿತೆ, ಪೂರ್ತಿ ಅಂಕ ಬಂತು. ಅದು ಏನೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಗೊತ್ತಿಲ್ಲದ ಸಂಖ್ಯೆ" ಎಂದು ಐದಾನಾಗೆ ಹೇಳಿದೆ. "ಗೊತ್ತೇ ಇಲ್ದಿರೋದನ್ನ ಕೂಡ್ಸೋದು ಹೆಂಗೆ?" ಅಂದಳು.

ಸಂಜೆ ಶಾವಿಗೆಯ ಹಿಟ್ಟು ಲಟ್ಟಿಸುತ್ತ ಅಪಾಗೆ ಇದನ್ನು ಹೇಳಿದೆ. ಅತ್ತೆಯೆಂಬ ಬಿಗಿ ಅವರಿಗೆಲ್ಲಿದೆ, ನಿನ್ನ ತಾಯಿ ಗೊತ್ತಲ್ಲ. "ಅಷ್ಟು ಓದ್ಕೊಂಡು ಒಂದು ಮಗು ಕೈಲಿ ಸಿಕ್ಕಾಕ್ಕೊಂಡ್ಯಾ ತಾಯಿ?" ಎಂದು ಮನಸಾರೆ ನಕ್ಕರು. ಆಮೇಲೆ ಕೈ ನಿಲ್ಲಿಸದೆ ಕೇಳಿದರು: "ಹೌದು, ಅದರ ಹೆಸರು ಗೊತ್ತಿಲ್ವೋ, ಹೇಳಬಾರದೋ?"

ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅಪಾ ನಿನ್ನ ತಾತನ ಹೆಸರನ್ನಾಗಲಿ, ದೊಡ್ಡಪ್ಪನ ಹೆಸರನ್ನಾಗಲಿ ಬಾಯಿಬಿಟ್ಟು ಹೇಳಿದವರಲ್ಲ. ಒಬ್ಬರನ್ನು ಹಿರೀಕರು, ಇನ್ನೊಬ್ಬರನ್ನು ಹೊಳೆಯಾಚೆಯವರು ಎನ್ನುತ್ತಿದ್ದರು, ಅಷ್ಟೇ. ಹೆಸರೆತ್ತದಿದ್ದರೂ ಅವರಿಗಾಗಿ ಚಹಾ ಬಗ್ಗಿಸುತ್ತಿದ್ದರು, ಮಾಂಸದ ಪಾಲು ತೆಗೆದಿಡುತ್ತಿದ್ದರು, ಬೆನ್ನ ಹಿಂದೆ ಬೈಯುತ್ತಲೂ ಇದ್ದರು.

ಮರುದಿನ ತರಗತಿಯಲ್ಲಿ ಇದನ್ನೇ ಹೇಳಿದೆ. ಹೆಸರೆತ್ತದೆಯೂ ಲೆಕ್ಕಕ್ಕೆ ಹಿಡಿಯಬಹುದು, ಎಕ್ಸ್ ಹಾಗೆ ಎಂದೆ. ಎಲ್ಲರ ಮನೆಯಲ್ಲೂ ಅಂಥ ಸೊಸೆಯರಿದ್ದಾರೆ, ಗಲಾಟೆಯೆದ್ದಿತು. "ನಮ್ಮಮ್ಮ ದೊಡ್ಡಪ್ಪಂಗೆ ಎತ್ತರದೋರು ಅಂತಾಳೆ, ಅಕ್ಕೋರೆ. ಅವ್ರು ನೋಡಿದ್ರೆ ನನ್ನ ಭುಜಕ್ಕೆ ಬರ್ತಾರೆ!" ಎಂದಳೊಬ್ಬಳು.

ಐದಾನಾ ಮಾತ್ರ ನಗಲಿಲ್ಲ. "ಹಂಗಾದ್ರೆ ಎಕ್ಸ್ ಎರಡು ಕಡೆ ಬಂದ್ರೂ ಒಬ್ರೇನಾ?"

ಒಂದೇ ಲೆಕ್ಕದೊಳಗೆ ಎಲ್ಲಿ ಬಂದರೂ ಒಬ್ಬರೇ ಎಂದೆ.

"ಬೇರೆ ಲೆಕ್ಕಕ್ಕೆ ಹೋದ್ರೆ?"

ಬೇರೆಯವರಾಗಬಹುದು ಎಂದೆ. ಹಾಗೆಂದು ಬೋರ್ಡಿನ ಕಡೆ ತಿರುಗಿದಾಗ ನೆನಪಾದದ್ದು ನೀನು.

ಒಂದು ಚಳಿಗಾಲದ ಮಟ್ಟಿಗೆ ಎಂದು ದುಡಿಯಲು ಹೋದವನು ನೀನು, ವರ್ಷಗಳೇ ಕಳೆದವು. ಜೀಪಿನಡಿ ಮಲಗಿ ರಿಪೇರಿ ಮಾಡುತ್ತ ಸಿಳ್ಳೆ ಹಾಕುತ್ತಿದ್ದವನನ್ನೇ ನಾನು ಈಗಲೂ ಕುಬಾತ್ ಎಂದುಕೊಂಡಿದ್ದೇನೆ. ಅವನ ನೆನಪಾಗಿ ಚಹಾ ಹಾಗೇ ಆರಿಹೋಗುವುದುಂಟು. ಆದರೆ ಫೋನಿನಲ್ಲಿ ಎರಡು ಮಾತಾಡಿ ಸುಮ್ಮನಾಗುವವನು ಅವನೇ ಹೌದೋ ಅಲ್ಲವೋ ನನಗೆ ತಿಳಿಯದು. ನಿನಗೂ ನನ್ನ ಬಗ್ಗೆ ಹಾಗೇ ಅನಿಸಬಹುದು. ಕಿವಿಯ ಬಳಿ ನನ್ನ ಕೂದಲು ನರೆತಿದೆ. ಈಗೀಗ ಕಿರ್ಗಿಜ್‌ನಲ್ಲೇ ಬೈಯುತ್ತೇನೆ, ಅದೂ ನಿನ್ನ ತಾಯಿಯ ರಾಗದಲ್ಲಿ.

ಆದ್ದರಿಂದ ಹಳೆಯ ಕುಬಾತ್ ಬೇಕೆಂದು ನಾನು ಕೇಳಲಾರೆ. ಈಗ ಅಲ್ಲಿರುವವನನ್ನು ನೋಡಬೇಕು ಅನಿಸಿದೆ. ಒಲೆಯ ಹತ್ತಿರ ಅವನು ಹೇಗೆ ಕೂರುತ್ತಾನೆ, ಯಾವ ಮಾತಿಗೆ ನಗುತ್ತಾನೆ, ಏನೂ ಗೊತ್ತಿಲ್ಲ. ಒಗ್ಗದೆಯೂ ಹೋಗಬಹುದು. ಆದರೂ ಬಾ.

ನಿನ್ನ
ಬುರುಲ್

ಮರೆತ ಮಾತು: ಅಂಚೆ ಕಚೇರಿ ಇನ್ನು ತೆರೆಯುವುದು ಸೋಮವಾರ. ಅಷ್ಟರೊಳಗೆ ಇದನ್ನು ಹರಿದುಹಾಕುತ್ತೇನೆಂಬ ಭಯಕ್ಕೆ ಅಪಾಗೆ ಹೇಳಿಬಿಟ್ಟೆ. ಅವರು ತಡಮಾಡಲಿಲ್ಲ, ಗೋಡೆಯಾಚೆಯ ಮನೆಗೆ ಕೇಳುವ ಹಾಗೆ, "ನಮ್ಮ ಸೊಸೆ ಗಂಡನ್ನ ಬಾ ಅಂತ ಕರ್ದಿದ್ದಾಳೆ ಕಣ್ರೇ!" ಎಂದು ಕೂಗಿ ಬಂದರು. ಇನ್ನು ಹರಿಯುವ ಹಾಗಿಲ್ಲ. ಅಂಚೆಗೆ ಹಾಕುವುದು ೧೪ ಏಪ್ರಿಲ್, ಸೋಮವಾರ.