ನೀನು ಕಾಣದ ಲೋಟ

ಗುರುಮಲ್ಲು,

ಈ ಕಾಗದವನ್ನು ನಾನು ಕಳಿಸುವುದಿಲ್ಲ; ಓದಿದರೂ ಕಂಡಿಲ್ಲ ಎನ್ನುವ ಗಂಡಸು ನೀನು.

ನಾವು ಕೆಲಸಕ್ಕಿದ್ದ ಸೀರೆ ಅಂಗಡಿಯಲ್ಲಿ ಟೀ ಕುಡಿಯಲು ನಿಮಗೆಲ್ಲ ಸ್ಟೀಲ್ ಲೋಟ, ನನ್ನ ಜಾತಿಗೆ ಪೇಪರ್ ಲೋಟ. ಅದು ಯಾಕೆ ಎಂದು ಕೇಳಿದ್ದಕ್ಕೆ ನನ್ನ ಕೆಲಸ ಹೋಯಿತು. ಇವತ್ತು ಕೊಳ್ಳೇಗಾಲದಲ್ಲಿ ಲೇಬರ್ ಆಫೀಸರ್ ಮುಂದೆ ನಾನೇ ವಾದಿಸಿದೆ. ನನ್ನ ಕಡೆ ಕರಿ ಕೋಟಿಲ್ಲ, ಕರೆಸಲು ನೋಟಿಲ್ಲ. ಇದ್ದ ಒಬ್ಬನೇ ಸಾಕ್ಷಿ ನೀನು.

"ನನ್ ಲೋಟ ಬ್ಯಾರೆ ಇತ್ತೋ ಇಲ್ವೋ, ಯೋಳ್ಲಾ" ಎಂದು ಕೇಳಿದೆ.

ನೀನು ಅಂಗಡಿ ಸಾಹುಕಾರರ ಮುಖ ನೋಡಿ, "ನಾ ಕಂಡಿಲ್ಲ ಸಾ" ಅಂದುಬಿಟ್ಟೆ. ದಿನಾ ಆ ಟೀ ಹಂಚುತ್ತಿದ್ದವನು ನೀನೇ!

ಹೊರಗೆ ಬಂದು ಹೋಟೆಲಿನವನಿಗೆ, "ಎರಡು ಟೀ, ಒಂದ್ಕೆ ಸಕ್ಕರೆ ಬ್ಯಾಡ" ಎಂದೆಯಲ್ಲ, ನನ್ನ ಲೋಟ ಕಾಣದವನಿಗೆ ನನ್ನ ಸಕ್ಕರೆ ಕಾಯಿಲೆ ನೆನಪಿತ್ತು.

ನಾನು ಯಳಂದೂರಿನ ಬಸ್ ಹತ್ತಿದೆ. ಕಿಟಕಿಯಿಂದ ನೋಡಿದರೆ, ಎರಡು ಗಾಜಿನ ಲೋಟ ಹಿಡಿದು ನೀನು ನಿಂತೇ ಇದ್ದೆ.