ಪೂರ್ತಿ ನೋಡದವರು

ಮನೆ, ಕಿಟಕಿ ಪಕ್ಕದ ಹೊಲಿಗೆ ಮೇಜು
ಮಾರ್ಚ್ 12, ಬುಧವಾರ ಮಧ್ಯಾಹ್ನ

ನನ್ನ ಮಗರಾಯನಿಗೆ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಆ ಕ್ರೇನಿನ ಗೂಡಿನಲ್ಲಿ ದಿನವಿಡೀ ಕೆಳಗೆ ಬಗ್ಗಿ ನೋಡುತ್ತ ಕೂತರೆ ಬೆನ್ನು ಇನ್ನೇನಾಗಬೇಕು ಹೇಳು. ಒಂದು ದಿಂಬು ಹೊಲಿದು ಕಳಿಸುತ್ತಿದ್ದೇನೆ, ಸೊಂಟಕ್ಕೆ ಕೊಟ್ಟುಕೊಂಡು ಕೂತುಕೋ. ಬಣ್ಣ ಚೆನ್ನಾಗಿಲ್ಲ ಎಂದು ಮೂಲೆಗೆ ಎಸೆಯಬೇಡ, ಅಷ್ಟು ಮೇಲೆ ನಿನ್ನನ್ನು ನೋಡುವವರು ಯಾರು? ನಿನ್ನ ಹೆಂಡತಿ ಚೆನ್ನಾಗಿದ್ದಾಳೆ, ಔಷಧಿ ಅಂಗಡಿಯಲ್ಲಿ ಈ ವಾರ ಅವಳಿಗೆ ಸಂಜೆ ಪಾಳಿ. ನನ್ನ ಮಂಡಿ ಹಾಗೇ ಇದೆ, ಕಿವಿಯ ವಿಷಯ ನಿನಗೆ ಗೊತ್ತೇ ಇದೆ. ನಿನ್ನ ರೂಮಿನ ಗೆಳೆಯ ರಜೆ ಮುಗಿಸಿ ನಾಳೆ ಬೆಳಿಗ್ಗೆ ಹೊರಡುತ್ತಾನಂತೆ, ಅವನ ಕೈಯಲ್ಲೇ ದಿಂಬನ್ನೂ ಈ ಕಾಗದವನ್ನೂ ಕೊಟ್ಟು ಕಳಿಸುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲಮ್ಮಾ ಎನ್ನಬೇಡ. ಫೋನಿನಲ್ಲಿ ನಾನು ಬೈಯಲು ಶುರುಮಾಡಿದ ಕೂಡಲೇ ನಿನ್ನ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ಕಾಟವಿಲ್ಲ.

ಈಗ ಬೈಗುಳಕ್ಕೆ ಬರುತ್ತೇನೆ. ಮೊದಲ ಪಾಲು ನಿನಗಲ್ಲ, ಹೆದರಬೇಡ. ನಿನ್ನ ಮಗಳು ಪುಟ್ಟಿ ಇಲ್ಲಿಯ ಚಿತ್ರಸಂಘದ ಹವ್ಯಾಸಿ ಕಿರುಚಿತ್ರ ಸ್ಪರ್ಧೆಗೆಂದು ಸಿನಿಮಾ ಮಾಡಿದ್ದು ನಿನಗೆ ಗೊತ್ತು. ಅದರ ನಾಯಕಿ ನಾನೇ ಎನ್ನುವುದೂ ಗೊತ್ತು, ಈ ವಯಸ್ಸಿನಲ್ಲಿ ಅಮ್ಮನಿಗೆ ಇದೆಂಥ ಯೋಗ ಬಂತು ಎಂದು ನೀನೇ ನಕ್ಕಿದ್ದೆ. ಈ ಹುಡುಗಿ ತಿಂಗಳುಗಟ್ಟಲೆ ನನ್ನ ಬೆನ್ನು ಬಿಡಲಿಲ್ಲ ಕಣೋ. ಸೂಜಿಗೆ ದಾರ ಪೋಣಿಸಿದರೂ ಕ್ಯಾಮೆರಾ, ಬಿದ್ದ ಗುಂಡಿ ಹುಡುಕಿದರೂ ಕ್ಯಾಮೆರಾ. "ಅಜ್ಜೀ, ಕ್ಯಾಮೆರಾ ಕಡೆ ನೋಡ್ಬೇಡ" ಎಂದು ದಿನಕ್ಕೆ ನೂರು ಸಲ. ಎಂಟು ನಿಮಿಷದ ಸಿನಿಮಾ ಅದು. ನನಗೆ ಪ್ರಪಂಚ ಹೇಗೆ ಕೇಳಿಸುತ್ತದೋ ಹಾಗೇ ನಡೆಯುತ್ತದೆ, ಅಂದರೆ ಏನೂ ಕೇಳಿಸುವುದಿಲ್ಲ. ಹೊಲಿಗೆ ಮಷೀನು ಓಡುತ್ತದೆ, ಸದ್ದಿಲ್ಲ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಏನೋ ದೂರು ಹೇಳುತ್ತಾಳೆ, ನಾನು ನಗುನಗುತ್ತ ತಲೆಯಾಡಿಸುತ್ತೇನೆ, ಸದ್ದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತದೆ, ನಾನು ಅತ್ತ ಬೆನ್ನು ಹಾಕಿ ಸ್ಕೂಲ್ ಅಂಗಿಗೆ ಜೇಬು ಹಚ್ಚುತ್ತಿದ್ದೇನೆ. ಕಿವಿ ಮಷೀನು ಡಬ್ಬಿಯಲ್ಲೇ ಬಿದ್ದಿರುತ್ತದೆ. ಹೊಲಿಯುವಾಗ ಅದು ಕುಂಯ್ ಎಂದು ತಲೆ ಕೊರೆಯುತ್ತದೆಂದು ನಾನು ಭಾನುವಾರ ಮಾತ್ರ ಹಾಕಿಕೊಳ್ಳುವುದು ನಿನಗೆ ಗೊತ್ತಲ್ಲ. ಸಿನಿಮಾದ ಕೊನೆಯಲ್ಲಿ ನಾನು ಆ ಡಬ್ಬಿ ತೆರೆದು ಮಷೀನನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತೇನೆ. ಆಗ ಮೊದಲ ಸಲ ಶಬ್ದ ಬರುತ್ತದೆ. ಅದು ಯಾವ ಶಬ್ದ ಎಂದು ಇಲ್ಲಿ ಬರೆಯುವುದಿಲ್ಲ. ಬರೆಯದಷ್ಟು ಸಿಟ್ಟಿದೆ ನನಗೆ.

ಹೋದ ಶುಕ್ರವಾರ ಫಲಿತಾಂಶವನ್ನು ಸಂಘದ ಬಾಗಿಲಿಗೆ ಅಂಟಿಸಿದರು. ನಮ್ಮ ಸಿನಿಮಾದ ಮುಂದೆ "ಧ್ವನಿ ದೋಷ, ಪರಿಗಣಿಸಿಲ್ಲ" ಎಂದು ಬರೆದಿತ್ತು. ಸೋತಿದ್ದರೆ ಪುಟ್ಟಿ ಒಂದು ದಿನ ಮುಖ ಊದಿಸಿಕೊಂಡು ಮಾರನೆಯ ದಿನ ಸರಿಹೋಗುತ್ತಿದ್ದಳು. ಸೋಲಲಿಕ್ಕಾದರೂ ಒಳಗೆ ಬಿಡಬೇಕಲ್ಲ! ಹುಡುಗಿ ಬೇಕೆಂದೇ ಮಾಡಿದ್ದನ್ನು ಕೆಟ್ಟುಹೋಗಿದೆ ಎಂದುಕೊಂಡರೆ ಅವರೆಂಥ ತೀರ್ಪುಗಾರರು? ಅವಳು ಅಳಲಿಲ್ಲ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಬೀರುವಿನ ಮೇಲಿಟ್ಟು, "ಇನ್ನು ಸಿನಿಮಾ ಸಹವಾಸ ಸಾಕಜ್ಜಿ" ಎಂದಳು. ಅವಳ ಮಾತು ನನಗೆ ತುಟಿ ನೋಡಿಯೇ ತಿಳಿಯುತ್ತದೆ, ಕಿವಿ ಮಷೀನು ಬೇಕಿಲ್ಲ. ಭಾನುವಾರ ನೀನು ಫೋನ್ ಮಾಡಿದಾಗ ಎಲ್ಲ ಹೇಳಿದೆ, ನೀನು "ಹೌದಾ, ಛೆ" ಎಂದು ಸುಮ್ಮನಾದೆ. ನಾನು ಸುಮ್ಮನಾಗುವವಳಾ? ಸೋಮವಾರ ಬೆಳಿಗ್ಗೆಯೇ ಪುಟ್ಟಿಯ ಕೈಹಿಡಿದು ಎಳೆದುಕೊಂಡು ಹೊರಟೆ.

ತೀರ್ಪುಗಾರರು ಮೂವರು: ಫೋಟೋ ಸ್ಟುಡಿಯೋದವರು, ಕಾಲೇಜಿನ ಮೇಷ್ಟ್ರು, ಹಲ್ಲಿನ ಡಾಕ್ಟರು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಮೂವರೂ ಸಿಕ್ಕಿದರು. ಕಿಟಕಿಗೆ ಕರಿಬಟ್ಟೆ, ಒಂದು ಕಂಪ್ಯೂಟರು, ಮೇಜಿನ ತುಂಬ ಟೀ ಕುಡಿದಿಟ್ಟ ಲೋಟಗಳು. ಅಂದು ಸೋಮವಾರವಾದರೂ ಕಿವಿ ಮಷೀನು ಹಾಕಿಕೊಂಡು ಹೋಗಿದ್ದೆ, ಅವರ ನೆಪವೆಲ್ಲ ಕೇಳಿಸಲಿ ಎಂದು. "ಅಜ್ಜೀ, ಶಬ್ದ ರೆಕಾರ್ಡೇ ಆಗಿಲ್ಲ" ಎಂದರು ಮೇಷ್ಟ್ರು, ಮಕ್ಕಳಿಗೆ ಹೇಳುವ ಹಾಗೆ. ಸರಿ ಸ್ವಾಮಿ, ಕೊನೆಗೆ ಏನಾಗುತ್ತದೆ, ಅದನ್ನು ಹೇಳಿಬಿಡಿ, ಎದ್ದು ಹೋಗುತ್ತೇನೆ ಎಂದೆ. ಮೇಷ್ಟ್ರು ಡಾಕ್ಟರ ಮುಖ ನೋಡಿದರು, ಡಾಕ್ಟರು ಲೋಟ ನೋಡಿದರು. ಊರವರ ಬಾಯನ್ನೆಲ್ಲ ತೆರೆಸುವ ಮನುಷ್ಯ, ತನ್ನ ಬಾಯಿ ತೆರೆಯಲಿಲ್ಲ! ಕೊನೆಗೆ ಸ್ಟುಡಿಯೋದವರೇ ಒಪ್ಪಿಕೊಂಡರು: "ಬಂದಿದ್ದು ತುಂಬಾ ಇತ್ತಮ್ಮಾ. ಶಬ್ದ ಇಲ್ಲದ್ದು, ಕತ್ತಲಾಗಿರೋದು, ಅಂಥವನ್ನೆಲ್ಲ ಎರಡೆರಡು ನಿಮಿಷ ನೋಡಿ ಪಕ್ಕಕ್ಕಿಟ್ವಿ." ನನಗೆ ತಡೆಯಲಾಗಲಿಲ್ಲ. ಒಂದು ತೋಳು ಹೊಲಿದದ್ದು ನೋಡಿ ಅಂಗಿಗೆ ಕಾಲರೇ ಇಲ್ಲ ಎಂದು ನನ್ನ ಗಿರಾಕಿ ವಾಪಸು ಹೋದರೆ ನಾನು ಬಿಡುತ್ತೇನಾ ಎಂದು ಕೇಳಿದೆ. ಬಹುಮಾನ ಬೇಡ, ಪೂರ್ತಿ ನೋಡಿ, ಆಮೇಲೆ ದರಿದ್ರವಾಗಿದೆ ಎಂದು ಬೇಕಾದರೂ ಬರೆಯಿರಿ ಎಂದೆ. ಅಲ್ಲಿಯವರೆಗೆ ನನ್ನ ಸೆರಗು ಜಗ್ಗುತ್ತ ನಿಂತಿದ್ದ ಪುಟ್ಟಿ ಆಗ ಬಾಯಿ ಬಿಟ್ಟಳು. "ನಂದೊಂದೇ ಬೇಡ. ಪಕ್ಕಕ್ಕಿಟ್ಟಿದ್ದೆಲ್ಲಾ ನೋಡಿ. ಕತ್ತಲಾಗಿರೋದಕ್ಕೂ ಏನೋ ಕಾರಣ ಇರಬಹುದು." ಸ್ಟುಡಿಯೋದವರು ಒಳ್ಳೆಯವರು ಎನ್ನಬೇಕು. ಬರುವ ಭಾನುವಾರ ಸಂಘದ ಹಾಲಿನಲ್ಲಿ, ಮಾಡಿದವರ ಹೆಸರು ಹೇಳದೆ, ಎಲ್ಲರ ಎದುರಿಗೇ ಎಲ್ಲವನ್ನೂ ಪೂರ್ತಿ ನೋಡಿ ಹೊಸದಾಗಿ ತೀರ್ಪು ಕೊಡುತ್ತೇವೆ ಎಂದು ಮಾತು ಕೊಟ್ಟರು. ಮನೆಗೆ ಬಂದದ್ದೇ ಪುಟ್ಟಿ ಸ್ಟೂಲು ಹಾಕಿ ಕ್ಯಾಮೆರಾ ಕೆಳಗಿಳಿಸಿದಳು. ನಾನು ಗೆದ್ದೆನೆಂದು ಬೀಗಿದ್ದೇ ಬೀಗಿದ್ದು.

ನಿನ್ನೆ ಸಂಜೆ ಬಂದನಲ್ಲ ನಿನ್ನ ಗುಂಡ! ಸ್ಕೂಲಿನಲ್ಲಿ ನಿನ್ನ ಪಕ್ಕ ಕೂತು, ನಮ್ಮನೆ ಅನ್ನ ಉಂಡು ಉಂಡು ಆ ಹೆಸರು ಪಡೆದವನು ಈಗ ಚಿತ್ರಸಂಘದ ಅಧ್ಯಕ್ಷ. ಪುಟ್ಟಿ ಕಿಟಕಿಯ ಹತ್ತಿರ ಲೆನ್ಸ್ ಒರೆಸುತ್ತ ಕೂತಿದ್ದಳು. ಇವನು ಒಳಗೆ ಬಂದವನೇ ಕುರ್ಚಿ ಎಳೆದುಕೊಂಡು, ನನಗೆ ಕೇಳಿಸಲೆಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ಅಮ್ಮಾ, ನಿಮ್ಮ ಮಗ ಫೋನ್ ಮಾಡಿದ್ದ. ಯೋಚ್ನೆ ಬಿಡಿ. ವಿಶೇಷ ಬಹುಮಾನ ಅಂತ ಒಂದು ಸೇರಿಸಿದೀನಿ, ಅದು ನಮ್ಮ ಪುಟ್ಟಿಗೇ. ಭಾನುವಾರ ನೋಡೋದೆಲ್ಲ ಸುಮ್ನೆ ಶಾಸ್ತ್ರಕ್ಕೆ." ಪುಟ್ಟಿ ಒರೆಸುವುದನ್ನು ನಿಲ್ಲಿಸಿ, "ನೀವು ನೋಡಿದ್ರಾ ಅಂಕಲ್?" ಎಂದು ಮಾತ್ರ ಕೇಳಿದಳು. "ನಮ್ಮನೆ ಹುಡುಗಿದು, ನೋಡೋದೇನು ಬಂತು" ಎಂದು ನಕ್ಕ, ದೊಡ್ಡ ಉಪಕಾರ ಮಾಡಿದವನ ಹಾಗೆ. ಇಂದು ಬೆಳಿಗ್ಗೆ ಅವಳು ಒಬ್ಬಳೇ ಸ್ಟುಡಿಯೋಗೆ ಹೋಗಿ ತನ್ನ ಸಿನಿಮಾ ವಾಪಸು ತಂದಳು. ಕ್ಯಾಮೆರಾ ಮತ್ತೆ ಬೀರುವಿನ ಮೇಲೆ ಕೂತಿದೆ.

ಈಗ ನಿನ್ನ ಪಾಲಿನದು. ಬಾಗಿಲು ಹಾಕಿಕೊಂಡು ಓದು. ನಿನ್ನನ್ನು ಯಾರು ಕೇಳಿದರು ಗುಂಡನಿಗೆ ಫೋನ್ ಮಾಡೆಂದು? ಮಗಳ ಮೇಲಿನ ಪ್ರೀತಿಗೆ ಮಾಡಿದೆ ಎನ್ನುತ್ತೀಯ, ನನಗೆ ಗೊತ್ತು, ನಿನ್ನನ್ನು ಹೆತ್ತವಳು ನಾನೇ ತಾನೆ. ಆದರೆ ಪಕ್ಕಕ್ಕಿಟ್ಟ ಉಳಿದವರ ಅಪ್ಪಂದಿರು ಗುಂಡನ ಜೊತೆ ಓದಿದವರಲ್ಲವಲ್ಲೋ. ಅವರು ಯಾರಿಗೆ ಫೋನ್ ಮಾಡಬೇಕು? ಆ ಮೂವರು ನೋಡದೆ ತೆಗೆದುಹಾಕಿದರು, ಗುಂಡ ನೋಡದೆ ಬಹುಮಾನ ಕೊಡಲು ಹೊರಟ. ಹುಡುಗಿಗೆ ಎರಡೂ ಒಂದೇ ಅವಮಾನ. ಎರಡನೆಯದನ್ನು ತಂದವನು ಅಪ್ಪ ಎನ್ನುವುದೇ ಹೆಚ್ಚಿನ ಸಂಕಟ. ಇನ್ನೊಂದು ವಿಷಯವಿದೆ. ಹೋದ ತಿಂಗಳು ಸಿನಿಮಾ ಮುಗಿದ ದಿನವೇ ಎಲ್ಲರಿಗಿಂತ ಮೊದಲು ಅವಳು ನಿನಗೆ ಕಳಿಸಿದ್ದಳು. ನೀನು ಏನೆಂದು ಉತ್ತರ ಬರೆದೆ, ನೆನಪಿದೆಯಾ? "ಶಬ್ದ ಬರ್ತಿಲ್ಲ ಪುಟ್ಟಿ, ಸರಿ ಮಾಡಿ ಮತ್ತೆ ಕಳಿಸು." ಅವಳು "ಸರಿ ಅಪ್ಪ" ಎಂದಳು, ಮತ್ತೆ ಕಳಿಸಲಿಲ್ಲ. ನೀನೂ ಕೇಳಲಿಲ್ಲ. ಕೆಳಗಿನಿಂದ ಕೈಸನ್ನೆ ಮಾಡುವವನನ್ನು ಅರ್ಧ ನೋಡಿ ನೀನು ಕ್ರೇನ್ ಎತ್ತುತ್ತೀಯಾ? ಒಂದು ಮಾತಿಲ್ಲದೆ, ಬರೀ ಕೈ ನೋಡಿಕೊಂಡು ದಿನವೆಲ್ಲ ಕೆಲಸ ಮಾಡುವ ನಿನಗೆ ಮಗಳ ಎಂಟು ನಿಮಿಷ ನೋಡಲು ಶಬ್ದ ಬೇಕಾಯಿತಾ? ಮೇಷ್ಟ್ರು, ಡಾಕ್ಟರನ್ನು ಬೈದ ಹಾಗೆ ನಿನ್ನನ್ನೂ ಎದುರು ನಿಲ್ಲಿಸಿಕೊಂಡು ಬೈಯಬೇಕು ಎನಿಸುತ್ತದೆ. ಅಷ್ಟು ದೂರದಲ್ಲಿದ್ದೀಯ, ಬದುಕಿಕೊಂಡೆ.

ಕಾಗದ ಶುಕ್ರವಾರ ನಿನ್ನ ಕೈ ಸೇರುತ್ತದೆ. ಅಂದೇ ಗುಂಡನಿಗೆ ಫೋನ್ ಮಾಡಿ, ನನ್ನ ಮಗಳಿಗೆ ಏನನ್ನೂ ಕೊಡಬೇಡ, ಭಾನುವಾರ ಎಲ್ಲರದ್ದನ್ನೂ ನೋಡಿ ನೋಡಿದಂತೆ ಹೇಳಿ ಎಂದು ಬಿಡಿಸಿ ಹೇಳು. ನೀನೇ ಹಾಗೆ ಹೇಳಿದರೆ ಸಿನಿಮಾ ಮತ್ತೆ ಕೊಡುತ್ತೇನೆ ಎಂದು ಪುಟ್ಟಿ ಹೇಳಿದ್ದಾಳೆ, ಇಲ್ಲವಾದರೆ ಇಲ್ಲ. ಅವಳ ಹಟ ಯಾರದ್ದೆಂದು ನನ್ನನ್ನು ಕೇಳಬೇಡ. ಭಾನುವಾರ ಸೋತು ಬಂದರೂ ನನಗೆ ಚಿಂತೆಯಿಲ್ಲ, ಅವಳಿಗೂ ಇಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗೂಡಿನ ಏಣಿ ಇಳಿಯುವಾಗ ಕೈ ಬಿಡಬೇಡ. ಎಷ್ಟು ಬೈದರೂ ನೀನು ನನ್ನ ಕೂಸೇ. ನೂರು ಕಾಲ ಚೆನ್ನಾಗಿ ಬಾಳು ಕಂದಾ.

ಇತಿ,
ನಿನ್ನ ಅಮ್ಮ

ಮರೆತಿದ್ದೆ: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ನಿನ್ನ ಗೆಳೆಯ ಬಾಗಿಲಲ್ಲಿ ನಿಂತಿದ್ದಾನೆ. ಆ ಶಬ್ದ ಏನೆಂದು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಪುಟ್ಟಿಯಂತೂ ಸತ್ತರೂ ಹೇಳುವುದಿಲ್ಲ. ನಾನು ಕಿವಿ ಮಷೀನು ಹಾಕಿಕೊಂಡು ಫೋನ್ ಎತ್ತಿದಾಗ ಸಿನಿಮಾದಲ್ಲಿ ಕೇಳುವುದು ನಿನ್ನ ದನಿ. ನಿನಗೆ ಗೊತ್ತಾಗದ ಹಾಗೆ ಒಂದು ಭಾನುವಾರ ಹಿಡಿದಿಟ್ಟಿದ್ದಾಳೆ ಕಳ್ಳಿ. "ಅಮ್ಮಾ, ಕೇಳಿಸ್ತಾ ಇದೆಯಾ? ಅಮ್ಮಾ?" ಎನ್ನುತ್ತೀಯ, ನಾನು ನಗುತ್ತೇನೆ, ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಗುಂಡನಿಗೆ ಆಮೇಲೆ ಫೋನ್ ಮಾಡುವೆಯಂತೆ, ಮೊದಲು ಅದನ್ನು ಕೊನೆಯವರೆಗೆ ನೋಡು.